ಯಾರೂ ಕೇಳದ ಮಾತ್ರೆ

ಗಂಡ ಇನ್ನೊಬ್ಬಳ ಹಿಂದೆ ಹೋದನೆಂದು ಹೊಟ್ಟೆ ಉರಿದುಕೊಳ್ಳುವ ಹೆಂಗಸರು ಊರಿಗೆ ನಾಲ್ಕು ಜನ ಸಿಗುತ್ತಾರೆ. ನನ್ನ ಹೊಟ್ಟೆ ಉರಿದದ್ದು ಗಂಡನನ್ನೇ ಕಂಡು. ಅವನಿಗೆ ದಿನಾ ಎಂಟು ಗಂಟೆಗೆ ಸರಿಯಾಗಿ ಒಬ್ಬರು ಮಾತ್ರೆ ತಂದು ಕೈಗೆ ಕೊಡುತ್ತಿದ್ದರು. ನನಗೆ ಕೊಡುವವರು ಯಾರೂ ಇರಲಿಲ್ಲ. ಎದುರಿಗೆ ಅವನನ್ನು ನಾನು ನೀವು ಎಂದೇ ಕರೆಯುವುದು. ಬರೆಯುವಾಗ ಏಕವಚನ ಬಂದುಬಿಡುತ್ತದೆ. ಇಷ್ಟು ಸಲಿಗೆಯಾದರೂ ನನಗಿರಲಿ.

ನಮ್ಮ ಊರು ಬೆಳಕವಾಡಿಯಿಂದ ಎರಡು ಮೈಲಿ ಒಳಗೆ. ಗಂಡ ಬ್ಲಫ್ ಅನ್ನುವ ಜಾಗದಲ್ಲಿ ಹೊಳೆ ನೀರಿನಿಂದ ಕರೆಂಟು ತಯಾರಿಸುವ ಕಡೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ನಾನು ನಡುಮನೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ಊರಿನವರ ರವಿಕೆ ಹೊಲಿಯುತ್ತೇನೆ. ಮೂರನೆಯವರು ಅತ್ತೆ. ನಮಗೆ ಮಕ್ಕಳಿಲ್ಲ. ನನ್ನ ತವರು ಮದ್ದೂರು ತಾಲ್ಲೂಕಿನಲ್ಲಿ, ಸೋಮನಹಳ್ಳಿಯ ಪಕ್ಕ. ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಅಣ್ಣ ಅತ್ತಿಗೆ ಇದ್ದಾರೆ, ಆದರೆ ನಮ್ಮ ಕಾಯಿಲೆಯ ವಿಷಯ ಅವರಿಗೆ ಗೊತ್ತಿಲ್ಲ. ಗೊತ್ತಾಗಬಾರದು ಎಂದು ತವರಿಗೆ ಹೋದಾಗ ನಾನು ಮಾತ್ರೆಯನ್ನು ಕಕ್ಕಸಿನಲ್ಲಿ ನಿಂತು ನುಂಗಿದ್ದೂ ಇದೆ.

ಕೆಲವು ವರ್ಷದ ಹಿಂದೆ ಗಂಡ ಕೆಮ್ಮಿ ಕೆಮ್ಮಿ ಕಡ್ಡಿಯಂತಾದ. ಮಳವಳ್ಳಿಯಲ್ಲಿ ತೋರಿಸಿದೆವು, ಅಲ್ಲಿಂದ ಮಂಡ್ಯಕ್ಕೆ ಕಳಿಸಿದರು. ಟಿಬಿ ಇದೆ ಎಂದರು, ಅದರ ಜೊತೆ ಎಚ್‌ಐವಿ ಕೂಡ ಇದೆ ಎಂದರು. ಮರುದಿನ ನನ್ನ ರಕ್ತ ತೆಗೆದರು. ನನಗೂ ಇತ್ತು. ಅದು ಯಾರಿಂದ ಯಾರಿಗೆ ಹೇಗೆ ಬಂತು ಎಂಬ ಜಗಳವನ್ನು ನಾನು ಒಂದು ವರ್ಷ ಪೂರ್ತಿ ಆಡಿ ಮುಗಿಸಿದ್ದೇನೆ, ಇಲ್ಲಿ ಅದರ ಮಾತು ಬೇಡ. ಅತ್ತೆ ಆಸ್ಪತ್ರೆಯ ನೆಲದ ಮೇಲೆ ಟವೆಲು ಹಾಸಿಕೊಂಡು ಮಗನ ಮಂಚದ ಪಕ್ಕದಲ್ಲೇ ಇದ್ದರು. ಗಂಜಿ ಕುಡಿಸಿದರು, ಬಾಯಿ ಒರೆಸಿದರು, ಯಮನ ಬಾಯಿಂದ ಕಿತ್ತುಕೊಂಡು ಮನೆಗೆ ತಂದರು. ನನಗೆ ಮಾತ್ರ ಒಂದು ನೆಗಡಿ ಕೂಡ ಬರಲಿಲ್ಲ. ಎಲ್ಲ ತಪ್ಪೂ ಅಲ್ಲೇ ಆದದ್ದು.

ಈ ಕಾಯಿಲೆಯವರಿಗೆಂದೇ ಮಂಡ್ಯದ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರ ಅಂತ ಇದೆ. ಅಲ್ಲಿನ ಕೌನ್ಸೆಲರ್ ಮೇಡಂ ಅತ್ತೆಯನ್ನೂ ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದ್ದರು: ದಿನಕ್ಕೆ ಒಂದೇ ಮಾತ್ರೆ, ಒಂದೇ ಹೊತ್ತಿಗೆ, ಜೀವ ಇರುವತನಕ. ತಪ್ಪದೆ ತಗೊಂಡರೆ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ, ಎಲ್ಲರಂತೆ ಬದುಕಬಹುದು. ಬಿಟ್ಟರೆ ಅದು ಮತ್ತೆ ಏಳುತ್ತದೆ, ಆಮೇಲೆ ಅದೇ ಮಾತ್ರೆ ಕೆಲಸ ಮಾಡದೆಯೂ ಹೋಗಬಹುದು. ಅತ್ತೆ ಈ ಮಾತನ್ನು ಮಂತ್ರದಂತೆ ಕೇಳಿಸಿಕೊಂಡರು. ಮಗನ ಕಡೆ ತಿರುಗಿಕೊಂಡು ಕೇಳಿಸಿಕೊಂಡರು.

ಅವತ್ತಿನಿಂದ ಶುರುವಾಯಿತು. ಎಂಟು ಗಂಟೆಗೆ ಟೀವಿಯಲ್ಲಿ ಧಾರಾವಾಹಿಯ ಹಾಡು ಬಂದರೆ ಅತ್ತೆ ಎದ್ದರೆಂದೇ ಅರ್ಥ. ಒಂದು ಸ್ಟೀಲ್ ತಟ್ಟೆಯಲ್ಲಿ ಮಾತ್ರೆ, ಪಕ್ಕದಲ್ಲಿ ಒಂದು ಚೂರು ಬೆಲ್ಲ, ಚೊಂಬಿನಲ್ಲಿ ನೀರು. "ಎಂಟಾಯ್ತು ಕಣ್ಲಾ ಮಗ, ನುಂಗು." ಅವನು ನುಂಗಿ ನೀರು ಕುಡಿದು ಚೊಂಬು ಕೆಳಗಿಡುವ ತನಕ ಎದುರಿಗೇ ನಿಂತಿರುತ್ತಿದ್ದರು. ಬೀಗರ ಊಟಕ್ಕೆ ಹೋದರೂ ಸೆರಗಿನ ಗಂಟಿನಲ್ಲಿ ಅವನ ಮಾತ್ರೆ ಇರುತ್ತಿತ್ತು. ಜನ ಕೇಳಿದರೆ "ಬಿಪಿದು ಕಣಮ್ಮ" ಅನ್ನುತ್ತಿದ್ದರು. ಉಪವಾಸದ ದಿನ ತಾವು ನೀರು ಬಿಟ್ಟು ಬೇರೇನೂ ಮುಟ್ಟದಿದ್ದರೂ ಮಗನಿಗೆ ಮೊದಲು ಉಣ್ಣಿಸಿ ಆಮೇಲೆ ದೇವರ ದೀಪ ಹಚ್ಚುತ್ತಿದ್ದರು.

ನನ್ನ ಮಾತ್ರೆ ಎಲ್ಲಿತ್ತು? ಮಷೀನಿನ ಬಾಬಿನ್ ಡಬ್ಬಿಯಲ್ಲಿ. ಕೇಂದ್ರದಲ್ಲಿ ಕೊಡುವ ಡಬ್ಬಿ ಬ್ಯಾಗಿನಲ್ಲಿ ಗಲಗಲ ಅನ್ನುತ್ತದೆ, ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುತ್ತಾರೆ. ಅದಕ್ಕೆ ನಮ್ಮಂಥವರು ಅದರೊಳಗೆ ಹತ್ತಿ ತುಂಬುತ್ತೇವೆ, ಇಲ್ಲವೇ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲೇ ಮಾತ್ರೆಯನ್ನು ಕವರಿಗೆ ಸುರಿದುಕೊಂಡು ಡಬ್ಬಿ ಎಸೆಯುತ್ತೇವೆ. ನಾನು ಮನೆಗೆ ತಂದು ಬಾಬಿನ್ನುಗಳ ನಡುವೆ ಇಟ್ಟುಕೊಳ್ಳುತ್ತಿದ್ದೆ. ಎಂಟು ಗಂಟೆಗೆ ತಾಯಿ ಮಗನ ಕೆಲಸ ನಡೆಯುವಾಗ ಮಷೀನಿನ ಹಿಂದೆ ಕೈ ಹಾಕಿ ಒಂದನ್ನು ಬಾಯಿಗೆ ಎಸೆದುಕೊಂಡು, ಎಂಜಲಿನಲ್ಲೇ ನುಂಗುತ್ತಿದ್ದೆ. ತಗೊಂಡ್ಯಾ ಎಂದು ಯಾರೂ ಕೇಳಲಿಲ್ಲ. ಗಂಡನೂ ಕೇಳಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ.

ಬೆಣ್ಣೆ ಅವನಿಗೆ. ನನಗೆ ಬೈಗುಳ. ಅತ್ತೆಯ ಬಾಯಿ ಸಾಮಾನ್ಯದ್ದಲ್ಲ. ಹಿಟ್ಟಿನಲ್ಲಿ ಗಂಟಾದರೆ "ಇದೇನಮ್ಮಿ, ಮುದ್ದೆಯೋ ಗುಂಡ್ಕಲ್ಲೋ, ನಿಮ್ಮವ್ವ ಇದ್ನೇ ಕಲ್ಸಿದ್ಳಾ" ಎನ್ನುವರು. ಬೆಳಗ್ಗೆ ಐದು ನಿಮಿಷ ತಡವಾಗಿ ಎದ್ದರೆ "ಮಾರಾಣಿ ಎದ್ಳು, ಕಾಪಿ ಕೊಡ್ರಪ್ಪ" ಎನ್ನುವರು. ತಲೆನೋವು ಎಂದರೆ "ನಿಂಗೇನಾಗದೆ, ಎತ್ತಿನಂಗಿದ್ದೀಯೆ" ಎನ್ನುವರು. ಮಗ ಕೆಮ್ಮಿದರೆ ಮಾತ್ರ ಓಡಿ ಬಂದು ಎದೆ ಮುಟ್ಟಿ ನೋಡುವರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಸರಿ. ಆದರೆ ಅದೇ ಹೆಗ್ಗಣ ಕಚ್ಚಿದವಳು ಪಕ್ಕದಲ್ಲೇ ಕೂತಿದ್ದಾಳಲ್ಲ, ಅವಳ ಕಡೆ ಒಂದು ಸಲ ತಿರುಗಿ ನೋಡಬೇಡವೇ?

ಎಲ್ಲಕ್ಕಿಂತ ನನ್ನನ್ನು ಉರಿಸಿದ್ದು ಫೋನು. ಮಗನಿಗೆ ಸಂಜೆ ಪಾಳಿ ಬಿದ್ದ ವಾರ ಅತ್ತೆ ಅವನಿಗೆ ಫೋನು ಮಾಡಿ ಮಾತ್ರೆ ನೆನಪಿಸಬೇಕು. ಅವರಿಗೆ ಫೋನು ಒತ್ತಲು ಬರುವುದಿಲ್ಲ. "ಅಮ್ಮಿ, ವಸಿ ಒತ್ಕೊಡು" ಎಂದು ನನ್ನ ಮುಂದೆ ಹಿಡಿಯುವರು. ನಾನು ಒತ್ತಿ ಅವರ ಕಿವಿಗೆ ಕೊಡಬೇಕು. "ನುಂಗ್ದೇನ್ಲಾ? ನೀರು ಕುಡ್ದಾ? ಬುತ್ತಿ ಉಂಡಾ?" ಎಲ್ಲ ವಿಚಾರಿಸಿ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು ಧಾರಾವಾಹಿಗೆ ಹೋಗುವರು. ನನ್ನ ಕೈಯಿಂದ ಫೋನು ಇಸಿದುಕೊಳ್ಳುವಾಗಲಾದರೂ, ಕೊಡುವಾಗಲಾದರೂ, ಇವಳೂ ಒಂದು ನುಂಗಬೇಕಲ್ಲ ಎಂದು ಹೊಳೆಯಬೇಡವೇ ಆ ಹೆಂಗಸಿಗೆ?

ಒಂದು ಸಂಜೆ ನನಗೆ ನಿಜವಾಗಿಯೂ ಜ್ವರ. ಇಡೀ ದಿನ ಮಳೆಯಲ್ಲಿ ನೆನೆದು ಸೌದೆ ಒಳಗೆ ಹಾಕಿದ್ದರ ಫಲ. ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮುಸುಕು ಹೊದ್ದು ಮಲಗಿದ್ದೆ. ಎಂಟಾಯಿತು. ಅತ್ತೆ ತಟ್ಟೆ ಚೊಂಬು ಹಿಡಿದುಕೊಂಡು ಬಂದರು, ನನ್ನ ಕಾಲನ್ನು ದಾಟಿಕೊಂಡು ಆ ಕಡೆ ಕೂತಿದ್ದ ಮಗನ ಹತ್ತಿರ ಹೋದರು. ಬರುವಾಗ ಮತ್ತೆ ದಾಟಿದರು. "ಇವ್ಳ್ಯಾಕೆ ದಾರಿಲಿ ಮನಗವ್ಳೆ" ಎಂದರು, ಅಷ್ಟೇ. ಆ ಹೊತ್ತಿಗೆ ನನ್ನ ತಲೆಗೆ ಬಂದದ್ದನ್ನು ಇದ್ದಂತೆ ಹೇಳುತ್ತೇನೆ: ನಾಳೆಯಿಂದ ನಾನು ತಗೊಳ್ಳುವುದಿಲ್ಲ, ಯಾರಿಗೆ ಗೊತ್ತಾಗುತ್ತದೋ ನೋಡೋಣ. ನಾಳೆಯಿಂದ ಅಂದುಕೊಂಡೆ, ಅವತ್ತೇ ತಗೊಳ್ಳಲಿಲ್ಲ.

ಮೂರು ದಿನದಲ್ಲಿ ಯಾರಾದರೂ ಕೇಳುತ್ತಾರೆ ಅಂದುಕೊಂಡೆ. ಜ್ವರ ತಾನಾಗಿ ಇಳಿಯಿತು. ಒಂದು ವಾರ ಕಳೆಯಿತು. ಎಂಟು ಗಂಟೆಗೆ ಬೇಕೆಂದೇ ಮಷೀನು ಬಿಟ್ಟು ಎದ್ದು ಹೋಗಿ ಅವರಿಬ್ಬರ ಎದುರಿಗೆ ಕೂರುತ್ತಿದ್ದೆ, ನನ್ನ ಕೈ ಖಾಲಿ ಇರುವುದು ಕಾಣಲಿ ಎಂದು. ಅತ್ತೆ "ಬಾಕಿಲ್ಗೆ ಅಡ್ಡ ಕೂರ್ಬ್ಯಾಡ" ಎಂದರು. ಗಂಡ ಧಾರಾವಾಹಿ ನೋಡುತ್ತಿದ್ದ. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ನನಗೆ ಏನೂ ಆಗಲಿಲ್ಲ. ಮೈ ಹಗುರವಾಗೇ ಇತ್ತು, ಅದು ಇನ್ನೂ ಸಿಟ್ಟು ತರಿಸಿತು. ಒಂದು ಸಲ ತಲೆ ತಿರುಗಿ ಬಿದ್ದಿದ್ದರೆ ಯಾರಾದರೂ ಕೇಳುತ್ತಿದ್ದರೇನೋ.

ಕೇಂದ್ರಕ್ಕೆ ಹೋಗುವ ದಿನ ಬಂತು. ಅಲ್ಲಿ ಉಳಿದ ಮಾತ್ರೆಯನ್ನು ಎಣಿಸುತ್ತಾರೆ. ಹೆಚ್ಚು ಉಳಿದಿದ್ದರೆ ಬಿಟ್ಟಿದ್ದೀರಿ ಎಂದು ಗೊತ್ತಾಗುತ್ತದೆ. ಲೆಕ್ಕ ಸರಿಹೋಗುವಷ್ಟನ್ನು ಡಬ್ಬಿಯಲ್ಲಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಒಂದು ರವಿಕೆಯ ಚಿಂದಿಯಲ್ಲಿ ಗಂಟು ಕಟ್ಟಿದೆ. ಗದ್ದೆಗೆ ಎಸೆಯಬಹುದಿತ್ತು. ಕೈ ಬರಲಿಲ್ಲ. ಹಿತ್ತಿಲ ಸೌದೆ ಅಟ್ಟಿಯ ಸಂದಿಗೆ ತುರುಕಿದೆ. ದಿನಾ ಬೆಳಗ್ಗೆ ನೀರೊಲೆಗೆ ಸೌದೆ ಎಳೆಯುವವರು ಅತ್ತೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸಿಗಲಿ ಎಂದೇ ಅಲ್ಲಿಟ್ಟೆನೋ ಏನೋ. ಸಿಕ್ಕರೆ ಬಂದು ನನ್ನ ಕೂದಲು ಹಿಡಿದು "ಯಾಕೆ ಹಿಂಗ್ ಮಾಡ್ದೆ" ಎಂದು ಕೇಳುತ್ತಾರೆ ಎಂದು ಆಸೆ ಇತ್ತು.

ಮಂಡ್ಯದಲ್ಲಿ ನನ್ನ ಎಣಿಕೆ ಸರಿಯಾಗಿ ಬಂತು. ಗಂಡನ ಡಬ್ಬಿಯಲ್ಲಿ ಎರಡು ಹೆಚ್ಚಿಗೆ ಉಳಿದಿತ್ತು, ಎಲ್ಲೋ ಪಾಳಿಯ ಗಡಿಬಿಡಿಯಲ್ಲಿ ತಪ್ಪಿರಬೇಕು. ಮೇಡಂ ಅವನಿಗೆ "ನಿಮ್ಮ ಮನೆಯವರನ್ನು ನೋಡಿ ಕಲೀರಿ" ಎಂದರು. ಎರಡು ತಿಂಗಳು ಒಂದೂ ನುಂಗದವಳು ನಾನು ಹೆಮ್ಮೆಯಿಂದ ಕೂತಿದ್ದೆ. ಆ ಸಲ ವರ್ಷದ ವೈರಲ್ ಲೋಡ್ ಪರೀಕ್ಷೆ ಇತ್ತು, ಅಂದರೆ ರಕ್ತದಲ್ಲಿ ವೈರಸ್ಸು ಎಷ್ಟಿದೆ ಎಂದು ನೋಡುವುದು. ಇಬ್ಬರ ರಕ್ತವನ್ನೂ ತೆಗೆದುಕೊಂಡರು. ಎಣಿಕೆಗೆ ಮಂಕುಬೂದಿ ಎರಚಬಹುದು, ರಕ್ತಕ್ಕೆ ಎರಚಲಾಗದು ಎಂದು ನನಗೆ ಆಗ ಹೊಳೆಯಲಿಲ್ಲ. ಹೊಟ್ಟೆಕಿಚ್ಚಿನವರಿಗೆ ಮುಂದಿನದು ಎಲ್ಲಿ ಕಾಣುತ್ತದೆ?

ಅದಾದ ಹತ್ತು ಹನ್ನೆರಡು ದಿನಕ್ಕೆ ಮನೆಯಲ್ಲಿ ಹೊಸದೊಂದು ಶುರುವಾಯಿತು. ಸಂಜೆ ಅತ್ತೆ ತಮ್ಮ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಯನ್ನು ತೊಳೆದು ಒರೆಸಿ, ಹಿತ್ತಿಲಲ್ಲಿ ಕೂತು ಏನನ್ನೋ ಕುಟ್ಟತೊಡಗಿದರು. ಕುಟ್ಟಿದ್ದನ್ನು ಹಾಲಿಗೆ ಹಾಕಿ, ಸಕ್ಕರೆ ಕಲಸಿ, ಮಗನಿಗೆ ಲೋಟ ಹಿಡಿಯುವರು. "ಏನತ್ತೆ ಅದು?" ಎಂದೆ. "ನಿಂಗ್ಯಾಕಮ್ಮಿ, ಓಗಿ ನಿನ್ ಕೆಲ್ಸ ನೋಡ್ಕೊ" ಎಂದರು. ಬಾದಾಮಿ ಇರಬೇಕು ಅಂದುಕೊಂಡೆ. ಅಷ್ಟು ದಿನ ಬೆಲ್ಲ, ಈಗ ಬಾದಾಮಿ ಹಾಲು. ಆ ಕುಟ್ಟಾಣಿಯ ಟಕಟಕ ಕೇಳಿದರೆ ನನಗೆ ಮಷೀನು ತುಳಿಯಲು ಕಾಲು ಬರುತ್ತಿರಲಿಲ್ಲ. ಒಂದು ದಿನ ಆ ಸಿಟ್ಟಿಗೆ ಯಾರದೋ ರವಿಕೆಯ ತೋಳನ್ನು ಉಲ್ಟಾ ಹೊಲಿದುಬಿಟ್ಟೆ. ಗಂಡ ಮುಖ ಕಿವುಚಿಕೊಂಡು ಕುಡಿಯುತ್ತಿದ್ದ. ಬಾದಾಮಿ ಹಾಲಿಗೆ ಮುಖ ಬೇರೆ ಕಿವುಚುತ್ತಾನಲ್ಲ ಎಂದು ಅದಕ್ಕೂ ಉರಿಯಿತು.

ಅಷ್ಟರಲ್ಲಿ ಮೇಡಂ ಫೋನು ಬಂತು, ಇಬ್ಬರೂ ಬನ್ನಿ ಎಂದು. ಹೋದೆವು. ಗಂಡನ ರಕ್ತದಲ್ಲಿ ವೈರಸ್ಸು ಕಾಣುವಷ್ಟಿಲ್ಲ. ನನ್ನದರಲ್ಲಿ ವಿಪರೀತ ಇದೆ. ಮೇಡಂ ಬೈಯಲಿಲ್ಲ. ಬಾಗಿಲು ಹಾಕಿ ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರು: ಹೊಟ್ಟೆ ತೊಳಸುತ್ತದಾ, ತಲೆ ಸುತ್ತುತ್ತದಾ, ಯಾರಾದರೂ ನೋಡುತ್ತಾರೆಂದು ಭಯವಾ, ಗಂಡ ಬೇಡ ಅನ್ನುತ್ತಾನಾ, ದೇವರ ಹರಕೆ ಏನಾದರೂ ಇದೆಯಾ, ಬೇರೆ ಯಾರಾದರೂ ನಾಟಿ ಔಷಧಿ ಕೊಟ್ಟಿದ್ದಾರಾ? ಮಾತ್ರೆ ಬಿಡುವುದಕ್ಕೆ ಜನಕ್ಕೆ ಎಷ್ಟು ಕಾರಣಗಳಿರುತ್ತವೋ ಅಷ್ಟನ್ನೂ ಕೇಳಿದರು. ನನ್ನ ಕಾರಣ ಆ ಪಟ್ಟಿಯಲ್ಲಿ ಇರಲಿಲ್ಲ. ಗಂಡನಿಗೆ ಬೆಲ್ಲ ಕೊಡುತ್ತಾರೆ ಎಂದು ಹೇಳುವುದು ಹೇಗೆ? "ದಿನಾ ತಗೋತೀನಿ ಮೇಡಂ" ಎಂದೆ.

"ಹಾಗಾದರೆ ಈ ಮಾತ್ರೆ ನಿಮಗೆ ಕೆಲಸ ಮಾಡುತ್ತಿಲ್ಲವೇನೋ, ಬೇರೆ ಮಾತ್ರೆಗೆ ಬದಲಾಯಿಸಬೇಕಾಗಬಹುದು" ಎಂದರು. ಕೋಪದಲ್ಲಿ ಕೊಯ್ದುಕೊಂಡ ಮೂಗು ಅನ್ನುತ್ತಾರಲ್ಲ, ಅದನ್ನು ಮುಟ್ಟಿ ನೋಡಿಕೊಂಡಂತೆ ಆಯಿತು. ಮೇಡಂ ಮುಂದುವರಿದು, "ಮನೆಯಲ್ಲಿ ನೀವು ಮಾತ್ರೆ ನುಂಗುವುದನ್ನು ದಿನಾ ನೋಡುವವರು ಯಾರು? ಅವರನ್ನು ಮುಂದಿನ ವಾರ ಕರೆದುಕೊಂಡು ಬನ್ನಿ" ಎಂದರು. ಯಾರೂ ಇಲ್ಲ ಎಂದು ಬಾಯಿ ತುದಿಗೆ ಬಂದಿತ್ತು. ಮೇಡಂ ಬಾಗಿಲು ತೆಗೆದು ಅದನ್ನೇ ಕೇಳಿದರೆ, ಹೊರಗೆ ಬೆಂಚಿನ ಮೇಲಿದ್ದ ಗಂಡ, "ನಮ್ಮವ್ವ ಅವ್ಳೆ ಮೇಡಂ, ಅವ್ಳೇ ಎಲ್ಲ ನೋಡ್ಕೊಳದು" ಎಂದ. ನೋಡಿಕೊಳ್ಳುವುದು ಯಾರನ್ನು ಎಂದು ಅವನನ್ನು ಕೇಳಬೇಕಿತ್ತು.

ಮುಂದಿನ ವಾರ ಮೂವರೂ ಮಂಡ್ಯದ ಬಸ್ಸು ಹತ್ತಿದೆವು. ಮಾತ್ರೆಯ ವಿಷಯಕ್ಕೆ ಮೇಡಂ ಕರೆದಿದ್ದಾರೆ ಎಂದಷ್ಟೇ ಅತ್ತೆಗೆ ಹೇಳಿದ್ದೆವು, ಯಾರ ಮಾತ್ರೆ ಎಂದು ಹೇಳಿರಲಿಲ್ಲ. ದಾರಿಯುದ್ದಕ್ಕೂ ಅವರು ನನಗೆ ಬೆನ್ನು ಹಾಕಿ ಕೂತು, ಸೊಂಟದ ಎಲೆ ಅಡಿಕೆ ಚೀಲವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನನ್ನ ಮೇಲಿನ ಸಿಟ್ಟು ಎಂದುಕೊಂಡೆ. ಮೇಡಂ ಎದುರು ಕೂತ ಮೇಲೆ, ಮೇಡಂ ಇನ್ನೂ ಬಾಯಿ ತೆರೆಯುವ ಮೊದಲೇ, ಅತ್ತೆ ಎದ್ದು ನಿಂತು ಕೈಮುಗಿದರು.

"ಅವನ್ದೇನೂ ತಪ್ಪಿಲ್ಲ ಕಣವ್ವ. ಎಲ್ಲಾ ನಂದೇ ತಪ್ಪು. ಅವನ್ನ ಬಯ್ಯಬ್ಯಾಡಿ."

"ಯಾರನ್ನಮ್ಮಾ?" ಎಂದರು ಮೇಡಂ.

"ನನ್ ಮಗನ್ನ. ಮಾತ್ರೆ ನುಂಗ್ದೆ ಬಚ್ಚಿಟ್ಬುಟ್ಟಿದ್ದ. ನಂಗೆ ಸೌದೆಲಿ ಸಿಕ್ತು. ಕೇಳ್ಬುಟ್ರೆ ಸಿಟ್ಟಾಗಿ ಒಟ್ಗೇ ಬುಟ್ಬುಡ್ತಾನೇನೋ ಅಂತ ಯಾರ್ಗೂ ಯೋಳ್ಲಿಲ್ಲ. ನಾನೇ ದಿನಾ ಒಂದೊಂದು ಕುಟ್ಟಿ ಆಲಿಗಾಕಿ ಕುಡ್ಸ್ದೆ. ಬುಟ್ಟಿದ್ದೆಲ್ಲ ಸೇರ್ಕೊಂಡು ಸರ್ಯಾಗ್ಲಿ ಅಂತ." ಹೇಳುತ್ತ ಚೀಲದಿಂದ ಒಂದು ಗಂಟು ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ಮಿಕ್ಕವೆ."

ಹಸಿರು ಬಣ್ಣದ ರವಿಕೆಯ ಚಿಂದಿ. ಅದರ ಅಂಚಿನಲ್ಲಿ ನನ್ನ ಮಷೀನಿನ ಹೊಲಿಗೆ ಕಾಣುತ್ತಿತ್ತು. ನನ್ನ ಗಂಟು. ನಾನು ಅಷ್ಟು ಸಂಜೆ ಸಿಟ್ಟಾದದ್ದು ಬಾದಾಮಿಯ ಸದ್ದಿಗಲ್ಲ. ಅಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನ ಮಾತ್ರೆಗೇ. ನಾನು ಬಿಟ್ಟದ್ದೂ ಅವನ ಲೋಟಕ್ಕೇ ಹೋಗಿ ಬಿದ್ದಿತ್ತು. ಮಾತ್ರೆ ಬಚ್ಚಿಡಲು ಆ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ ಎಂದು ಆ ಚಿಂದಿಯನ್ನು ಬಿಚ್ಚುವಾಗಲೂ ಅತ್ತೆಗೆ ಅನ್ನಿಸಲಿಲ್ಲ. ಅಳು ಬಂತೋ ನಗು ಬಂತೋ, ಎರಡೂ ಬಂದವು.

ಗಂಡ, "ಅದಕ್ಕೇ ಕಣವ್ವ ಆಲು ಕಯ್ಯಿ ಅಂತಿದ್ದದ್ದು" ಎಂದು ತಾಯಿಯ ಮುಖ ನೋಡಿದ. ಮೇಡಂಗೆ ಗಾಬರಿಯಾಯಿತು. ಎಷ್ಟು ದಿನ ಕೊಟ್ಟಿರಿ ಎಂದು ಕೇಳಿ, ಅವನನ್ನು ಡಾಕ್ಟರ ಹತ್ತಿರ ಕಳಿಸಿದರು. ಅವರು ಪರೀಕ್ಷೆ ಮಾಡಿಸಿ, ಪುಣ್ಯಕ್ಕೆ ಏನೂ ಆಗಿಲ್ಲ, ಇನ್ನು ಮೇಲೆ ಹೀಗೆ ಎರಡೆರಡು ಕೊಡಬಾರದು, ತಪ್ಪಿದ್ದನ್ನು ಕೂಡಿಸಿ ಕೊಟ್ಟರೆ ಸರಿಹೋಗುವುದಿಲ್ಲ ಎಂದು ತಿಳಿಸಿ ಹೇಳಿದರು. ಅವನು ಡಾಕ್ಟರ ಕೋಣೆಯಲ್ಲಿದ್ದಾಗ ನಾವು ಮೂವರು ಹೆಂಗಸರು ಮಾತ್ರ ಉಳಿದೆವು. ನಾನು ಬಾಯಿ ಬಿಟ್ಟೆ.

"ಅವು ನನ್ನವು ಅತ್ತೆ."

ಅತ್ತೆ ನನ್ನ ಕಡೆ ತಿರುಗಿದರು. "ನಿನ್ನವಾ? ಅಂಗಾರೆ ನೀನೇನು ನುಂಗ್ತಿದ್ದೆ?"

"ಏನೂ ಇಲ್ಲ. ಮೂರು ತಿಂಗ್ಳಾಗ್ತಾ ಬಂತು."

"ಯಾಕಮ್ಮಿ?"

"ಯಾರಾದ್ರೂ ಕೇಳ್ತಾರೇನೋ ಅಂತ."

ಮೇಡಂ ಪೆನ್ನು ಕೆಳಗಿಟ್ಟರು. ಅತ್ತೆ ನನ್ನನ್ನು ಗುರುತು ಸಿಗದವರಂತೆ ನೋಡಿದರು. ಬೈಗುಳಕ್ಕೆ ನಾನು ತಯಾರಾಗಿ ಕೂತಿದ್ದೆ. ಅವರು ಬಾಯಿಯ ಮೇಲೆ ಸೆರಗಿಟ್ಟುಕೊಂಡು, ಬಹಳ ಮೆಲ್ಲಗೆ, "ನಿಂಗೂ ಅದೇ ಕಾಯ್ಲೆ ಅನ್ನದು ನಂಗೆ ಮರ್ತೇ ಓಗಿತ್ತು ಕಣಮ್ಮಿ" ಎಂದರು.

ಆ ಮಾತು ನನಗೆ ಅವತ್ತು ಚೂರಿ ಹಾಕಿದಂತಾಯಿತು. ನೋಡಿ, ಇಷ್ಟೇ ನನ್ನ ಬೆಲೆ ಅಂದುಕೊಂಡೆ. ಒಂದೇ ಸೂರಿನಡಿ ಅಷ್ಟು ವರ್ಷ ಮಲಗಿ ಎದ್ದವಳ ಕಾಯಿಲೆ ಮರೆತುಹೋಗುತ್ತದೆ ಎಂದರೆ ಅವಳನ್ನೇ ಮರೆತಂತೆ ತಾನೇ? ಮೇಡಂ ಮತ್ತೆ ಶುರು ಮಾಡಲು ಮಾತ್ರೆ ಕೊಟ್ಟರು. ಮೂರು ತಿಂಗಳು ಒಂದೂ ತಪ್ಪಬಾರದು, ಆಮೇಲೆ ಮತ್ತೆ ರಕ್ತ ನೋಡೋಣ, ಇಳಿದರೆ ಪುಣ್ಯ, ಇಳಿಯದಿದ್ದರೆ ಬೇರೆ ಔಷಧಿ ಎಂದರು. ಒಂದು ಕಾಗದದಲ್ಲಿ ನನ್ನ ಮಾತ್ರೆಗೆ ನಿಗಾ ಇಡುವವರು ಎಂದು ಅತ್ತೆಯ ಹೆಸರು ಬರೆದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಮಗನ ಪಕ್ಕ ಕೂರಲಿಲ್ಲ, ಬಂದು ನನ್ನ ಪಕ್ಕ ಕೂತರು.

ಅವತ್ತು ಎಂಟು ಗಂಟೆಗೆ ಎರಡು ತಟ್ಟೆ ಬಂದವು. ಮೊದಲು ನನ್ನ ಹತ್ತಿರ. "ನುಂಗವ್ವ." ನಾನು ನುಂಗಿದೆ. ಅತ್ತೆ ಎದುರಿಗೇ ನಿಂತಿದ್ದರು. ಗಂಡ ತನ್ನ ಸರದಿಗೆ ಕಾಯುತ್ತ ಕೂತಿದ್ದ. ಮೊದಲ ಹದಿನೈದು ದಿನ ನಾನು ಗೆದ್ದವಳ ಹಾಗೆ ಇದ್ದೆ, ಮುಚ್ಚುಮರೆ ಯಾಕೆ. ಮದುವೆಯಲ್ಲಿ ಕೂಡ ನನ್ನನ್ನು ಯಾರೂ ಅಷ್ಟು ನೋಡಿರಲಿಲ್ಲ. ಮೂರು ತಿಂಗಳಾದ ಮೇಲೆ ರಕ್ತ ಕೊಟ್ಟು ಬಂದೆವು, ಅದರ ಫಲಿತಾಂಶವೂ ಬಂತು. ವೈರಸ್ಸು ಇಳಿದಿತ್ತು. ಅದೇ ಮಾತ್ರೆ ಸಾಕು, ಬದಲಾಯಿಸುವುದು ಬೇಡ ಎಂದರು. ನನ್ನ ಜೀವ ನನ್ನ ಕೈಗೆ ವಾಪಸು ಬಂತು. ಆವತ್ತಿನಿಂದ ಇವತ್ತಿನವರೆಗೆ ಒಂದು ದಿನವೂ ಬಿಟ್ಟಿಲ್ಲ.

ಮನೆಯಲ್ಲಿ ಏನೋ ಕಡಿಮೆಯಾಗಿದೆ ಎಂದು ನನಗೆ ಅನ್ನಿಸತೊಡಗಿದ್ದು ಆಮೇಲೆ. ಏನೆಂದು ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು. ಅತ್ತೆ ನನ್ನನ್ನು ಬೈಯುತ್ತಿರಲಿಲ್ಲ. ಏಳುವುದು ತಡವಾದರೆ ಹೊದಿಕೆ ಸರಿಮಾಡಿ ಹೋಗುವರು. ಮುದ್ದೆಯಲ್ಲಿ ಗಂಟಿದ್ದರೆ ಬೆರಳಲ್ಲಿ ಹಿಸುಕಿಕೊಂಡು ಉಣ್ಣುವರು. ನಾನು ಬಿಂದಿಗೆ ಎತ್ತಲು ಹೋದರೆ ಮುಂದೆ ಬಂದು ಇಸಿದುಕೊಳ್ಳುವರು. ನಾನು ಒಂದು ಸಲ ಕೆಮ್ಮಿದೆ, ಧೂಳಿಗೆ. ಒಳಗಿಂದ ಓಡಿ ಬಂದು ನನ್ನ ಎದೆಯ ಮೇಲೆ ಅಂಗೈ ಇಟ್ಟರು. ಆ ಮುಖವನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯಲ್ಲಿ, ಮಗನ ಮಂಚದ ಪಕ್ಕ.

ಗಂಡ ಒಂದು ಭಾನುವಾರ ಜಗಲಿಯ ಮೇಲೆ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಕನ್ನಡಿಯಲ್ಲೇ ನನ್ನ ಮುಖ ನೋಡಿ, "ಈಗ ನಿಂಗೂ ಬಂತು ಬುಡು" ಎಂದ.

"ಏನು ಬಂತು?"

"ನನ್ ಜತೆ ನಮ್ಮವ್ವ ಜಗಳಾಡಿ ಎಷ್ಟೊರ್ಸ ಆಯ್ತು ಗೊತ್ತಾ? ಮುಂಚೆ ದೊಣ್ಣೆ ತಕ್ಕಂಡು ಅಟ್ಟಿಸ್ಕಂಡು ಬರೋಳು. ಕಾಯ್ಲೆ ಬಂದ್ಮ್ಯಾಕೆ ಒಂದ್ ಮಾತು ಗಟ್ಟಿಯಾಗಿ ಅಂದಿಲ್ಲ. ಎಂಟಾಯ್ತು ಅಂದ್ರೆ ಎಣದ್ ಮುಂದೆ ನಿಂತಂಗೆ ಬಂದು ನಿಂತ್ಕತಾಳೆ. ನಿನ್ನ ಮಾರಾಣಿ ಗೀರಾಣಿ ಅಂತ ಬಾಯ್ತುಂಬ ಬಯ್ಯವಾಗ ನಂಗೆ ಒಟ್ಟೆ ಉರ್ಯದು ಕಣೆ."

ಹೊಟ್ಟೆಕಿಚ್ಚಿನಲ್ಲೂ ಇವನೇ ನನಗಿಂತ ಮುಂದೆ ಹೋಗಿದ್ದನಲ್ಲ ಎಂದು ನನಗೆ ಕೋಪ ಬಂತು. "ಬೆಲ್ಲ ತಿಂದೋರ್ಗೆ ಬೈಗುಳದ ಆಸೆ" ಎಂದು ಹೇಳಿ ಒಳಗೆ ಬಂದೆ. ಆದರೆ ಮಷೀನಿನ ಮುಂದೆ ಕೂತರೆ ಕೆಲಸ ಸಾಗಲಿಲ್ಲ. ಮೇಡಂಗೆ ನಾನು ರೋಗಿ. ಡಾಕ್ಟರಿಗೆ ರೋಗಿ. ಗಂಡನ ಕಣ್ಣಲ್ಲಿ, ಅವನು ಬಾಯಿಬಿಟ್ಟು ಹೇಳದಿದ್ದರೂ, ತಾನು ಹಾಳು ಮಾಡಿದ ಹೆಂಡತಿ. ಕನ್ನಡಿ ನೋಡಿಕೊಂಡರೆ ನನಗೂ ಅದೇ. ಇಡೀ ಲೋಕದಲ್ಲಿ ನನ್ನ ಕಾಯಿಲೆ ಗೊತ್ತಿದ್ದೂ ಅದನ್ನು ಮರೆತು, ನನ್ನನ್ನು ಎತ್ತಿನಂಥವಳು, ಸೋಮಾರಿ, ಮುದ್ದೆ ತಿರುವಲು ಬಾರದವಳು ಎಂದು ಬರೀ ಒಬ್ಬ ಸೊಸೆಯಾಗಿ ನೋಡುತ್ತಿದ್ದದ್ದು ಆ ಒಂದು ಮುದುಕಿ. ನಾನೇ ಮಂಡ್ಯಕ್ಕೆ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ, ಅವರಿಗೆ ನೆನಪು ಮಾಡಿಕೊಟ್ಟು ಬಂದಿದ್ದೆ.

ಮೊನ್ನೆ ಬೆಳಗ್ಗೆ ಅತ್ತೆ ಹಿತ್ತಿಲಲ್ಲಿದ್ದರು. ಒಲೆಯ ಮೇಲೆ ಹಾಲಿಟ್ಟು ನಾನು ಪಕ್ಕದಲ್ಲೇ ನಿಂತುಕೊಂಡೆ. ಹಾಲು ಏರುವುದನ್ನು ನೋಡಿದೆ, ಅಂಚಿಗೆ ಬಂದದ್ದನ್ನೂ ನೋಡಿದೆ, ಕೈ ಚಾಚಲಿಲ್ಲ. ಉಕ್ಕಿ ಒಲೆಯೆಲ್ಲ ತುಂಬಿ ನೆಲಕ್ಕೆ ಸುರಿಯಿತು. ಒಂದು ಚೂರು ಹಾಲು ಚೆಲ್ಲಿದರೆ ಬೀದಿಗೆ ಕೇಳುವಂತೆ ನನ್ನ ತವರನ್ನೆಲ್ಲ ಎಳೆದು ತರುತ್ತಿದ್ದವರು ಅವರು. ಸೀದ ವಾಸನೆಗೆ ಒಳಗೆ ಬಂದರು. ನೆಲ ನೋಡಿದರು, ಒಲೆ ನೋಡಿದರು, ನನ್ನನ್ನು ನೋಡಿದರು. ನಾನು ಬೈಗುಳಕ್ಕೆ ಕಾದೆ.

ಅತ್ತೆ ಬಟ್ಟೆ ತಗೊಂಡು ಬಗ್ಗಿ ತಾವೇ ನೆಲ ಒರೆಸತೊಡಗಿದರು. "ಓಗ್ಲಿ ಬುಡವ್ವ" ಎಂದರು, "ಸುಸ್ತಾಯ್ತೇನೋ. ನೀನು ಕುಂತ್ಕೊ."